ವಾಷಿಂಗ್ ಮೆಷಿನ್ ನಿಧಾನಕ್ಕೆ ತಿರುಗಿದಾಗ ಕುಣಿಯುತ್ತದೆ, ಜೋರಾಗಿ ತಿರುಗಿದಾಗ ತೆಪ್ಪಗಿರುತ್ತದೆ. ಯಾಕೆ?

ಮೂರನೇ_ಮಹಡಿ

ಎಲ್ಲರಿಗೂ ನಮಸ್ಕಾರ. ಗವಿಪುರದಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಟಾಪ್ ಲೋಡ್ ಮೆಷಿನ್, ಐದು ವರ್ಷ ಹಳೆಯದು. ಬಟ್ಟೆ ಹಿಂಡೋಕೆ ಶುರು ಮಾಡಿದ ಕೂಡಲೇ ಧಡಧಡ ಅಂತ ಕುಣಿಯುತ್ತದೆ. ಒಂದು ಸಲ ಬಚ್ಚಲುಮನೆ ಬಾಗಿಲ ತನಕ ನಡೆದುಕೊಂಡು ಬಂದಿತ್ತು. ಕೆಳಗಡೆ ಓನರ್ ಅಜ್ಜಿ ಪೂಜೆಗೆ ಕೂತಾಗಲೇ ಇದರ ಕುಣಿತ, ಅದೇನೋ ಋಣಾನುಬಂಧ.

ನನಗೆ ಅರ್ಥವಾಗದ್ದು ಇದು. ಅರ್ಧ ನಿಮಿಷ ಕುಣಿದ ಮೇಲೆ ವೇಗ ಇನ್ನೂ ಏರುತ್ತದೆ. ಆಗ ಮೆಷಿನ್ ತೆಪ್ಪಗಾಗುತ್ತದೆ, ಬರೀ ‘ಗುಯ್’ ಅನ್ನುವ ಸದ್ದು. ಮೊನ್ನೆ ನಡುವೆ ಕರೆಂಟ್ ಹೋಯಿತು. ನಿಧಾನವಾಗುತ್ತಾ ಬಂತು, ನಿಲ್ಲುವ ಮುಂಚೆ ಮತ್ತೆ ಅದೇ ಕುಣಿತ. ಜೋರಾಗಿ ತಿರುಗಿದರೆ ಜಾಸ್ತಿ ಅಲ್ಲಾಡಬೇಕು ಅಲ್ವಾ?

ಇನ್ನೊಂದು ವಿಷಯ. ಡ್ರಮ್ಮನ್ನು ಕೈಯಲ್ಲಿ ಅಲ್ಲಾಡಿಸಿದರೆ ಮೇಲಿನ ಅಂಚಿನಲ್ಲಿ ಗುಳುಗುಳು ಅಂತ ನೀರಿನ ಸದ್ದು ಬರುತ್ತದೆ. ರಿಪೇರಿಗೆ ಬಂದವರು ‘ಒಳಗೆ ನೀರು ಸೇರಿಕೊಂಡಿದೆ, ಡ್ರಮ್ಮೇ ಬದಲಾಯಿಸಬೇಕು, ಆರು ಸಾವಿರ’ ಅಂದರು. ಕೊಡಬೇಕಾ?

ಬುಗುರಿ_ಬಸವ

ಸಿಂಪಲ್ಲು. ಬುಗುರಿ ನೋಡಿದ್ದೀರಲ್ಲ? ಜೋರಾಗಿ ತಿರುಗಿದಷ್ಟೂ ನೆಟ್ಟಗೆ ನಿಲ್ಲುತ್ತದೆ, ವೇಗ ಕಡಿಮೆಯಾದಾಗ ತೂರಾಡುತ್ತದೆ. ನಿಮ್ಮ ಡ್ರಮ್ಮೂ ಬುಗುರಿಯೇ. ಗೈರೋಸ್ಕೋಪಿಕ್ ಎಫೆಕ್ಟ್. ಮುಗೀತು.

ಸ್ಟೆಪ್ನಿ

ಮುಗೀಲಿಲ್ಲ ಗುರು. ನಮ್ಮದು ವಿಜಯನಗರದಲ್ಲಿ ಟೈರ್ ಅಂಗಡಿ. ವೀಲ್ ಬ್ಯಾಲೆನ್ಸಿಂಗೇ ನನ್ನ ಹೊಟ್ಟೆಪಾಡು. ವೇಗ ಏರಿದರೆ ಎಳೆತ ಏರಲೇಬೇಕು, ಅದೂ ಸುಮ್ನೆ ಅಲ್ಲ, ವೇಗದ ವರ್ಗದ ಲೆಕ್ಕದಲ್ಲಿ. ತೂಕ × ತ್ರಿಜ್ಯ × ಕೋನ ವೇಗದ ವರ್ಗ. 14 ಇಂಚಿನ ರಿಮ್ಮಿನಲ್ಲಿ ಒಂದು ಕಡೆ 30 ಗ್ರಾಂ ಜಾಸ್ತಿ ಇದೆ ಅನ್ನಿ. ಗಂಟೆಗೆ 90 ಕಿ.ಮೀ. ಓಡಿಸಿದಾಗ ಆ 30 ಗ್ರಾಂ ಸುಮಾರು 4 ಕೆಜಿ ಭಾರದಷ್ಟು ಎಳೆಯುತ್ತದೆ, ಸೆಕೆಂಡಿಗೆ ಹದಿಮೂರು ಹದಿನಾಲ್ಕು ಸಲ ದಿಕ್ಕು ಬದಲಾಯಿಸಿ. 45ರಲ್ಲಿ ಅದೇ ಎಳೆತ 1 ಕೆಜಿ ಮಾತ್ರ.

ಅಕ್ಕ ಅವರ ಮೆಷಿನ್ನಿಗೂ ಲೆಕ್ಕ ಹಾಕಿದೆ. ನಿಮಿಷಕ್ಕೆ 700 ಸುತ್ತು. ನೆನೆದ ಟವೆಲ್ ಒಂದು ಕಡೆ ಅರ್ಧ ಕೆಜಿ ಜಾಸ್ತಿ, ಮಧ್ಯದಿಂದ 20 ಸೆಂ.ಮೀ. ದೂರ. ಎಳೆತ ಸುಮಾರು 55 ಕೆಜಿ ಭಾರದಷ್ಟು ಬರುತ್ತದೆ! ಒಬ್ಬ ಮನುಷ್ಯ ಮೆಷಿನ್ ಒಳಗೆ ಕೂತು ಗೋಡೆ ಒದ್ದ ಹಾಗೆ. ಹಾಗಿದ್ದರೆ ತೆಪ್ಪಗೆ ಹೇಗಾಗುತ್ತದೆ? ನನಗೂ ಗೊತ್ತಾಗಬೇಕು.

ರೀಲ್ಸ್_ವಿಜ್ಞಾನಿ

ಸೆಂಟ್ರಿಫ್ಯೂಗಲ್ ಫೋರ್ಸ್ ಅನ್ನೋದೇ ಇಲ್ಲ. ಅದು ಭ್ರಮೆ. ಶಾಲೆಯಲ್ಲಿ ಕಲಿತಿಲ್ವಾ?

ಸ್ಟೆಪ್ನಿ

ಬನ್ನಿ ಸ್ವಾಮಿ, ಬ್ಯಾಲೆನ್ಸ್ ಇಲ್ಲದ ಗಾಡಿಯ ಸ್ಟೀರಿಂಗ್ ಹಿಡಿದು ಮೈಸೂರಿಗೆ ಹೋಗಿ ಬನ್ನಿ. ಭ್ರಮೆಯಿಂದ ಕೈ ಎಷ್ಟು ನಡುಗುತ್ತದೆ ನೋಡೋಣ.

ಪಿಯುಸಿ_ಫಿಸಿಕ್ಸ್

ಜಗಳ ಬೇಡ. ಇಬ್ಬರೂ ಒಂದೇ ಮಾತನ್ನು ಎರಡು ಕಡೆ ನಿಂತು ಹೇಳುತ್ತಿದ್ದೀರಿ. ಹೊರಗೆ ನಿಂತು ನೋಡುವವರಿಗೆ ಚಕ್ರವೇ ಆ 30 ಗ್ರಾಮನ್ನು ಒಳಕ್ಕೆ ಎಳೆದು ಸುತ್ತಿಸುತ್ತಿದೆ. ಹಾಗೆ ಎಳೆಯುವಾಗ ಆ 30 ಗ್ರಾಂ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಬೇರಿಂಗಿಗೆ ತಾಗುವುದು ಇದು. ಹೆಸರು ಏನಾದರೂ ಇಡಿ, ಬೇರಿಂಗಿಗೆ ಪಾಠ ಓದೋಕೆ ಬರಲ್ಲ.

ಬುಗುರಿಯ ಮಾತು ಚೆನ್ನಾಗಿದೆ, ಆದರೆ ಇಲ್ಲಿಗೆ ಅದು ಉತ್ತರವಲ್ಲ. ಬುಗುರಿಯನ್ನು ಬೀಳಿಸೋಕೆ ನೋಡುವುದು ಹೊರಗಿನ ಗುರುತ್ವ. ಜೋರಾಗಿ ತಿರುಗುವ ಬುಗುರಿ ಬೀಳುವ ಬದಲು ತಲೆಯನ್ನು ನಿಧಾನವಾಗಿ ಸುತ್ತಿಸುತ್ತದೆ, ಅಷ್ಟೆ. ನಿಮ್ಮ ಮೆಷಿನ್ನಿನಲ್ಲಿ ತೊಂದರೆ ಕೊಡುತ್ತಿರುವುದು ಒಳಗಿನ ಬಟ್ಟೆ. ತಿರುಗುವ ವೇಗ ಜಾಸ್ತಿಯಾದರೆ ಆ ಕಾಟವೂ ಜಾಸ್ತಿಯಾಗಬೇಕು, ಸ್ಟೆಪ್ನಿ ಹೇಳಿದ ಹಾಗೇ.

ಮೂರನೇ_ಮಹಡಿ ಅವರೇ, ಒಂದು ಚಿಕ್ಕ ಪ್ರಯೋಗ ಮಾಡಿ. ಬೀಗದಕೈ ಗೊಂಚಲನ್ನು ಉದ್ದ ರಬ್ಬರ್ ಬ್ಯಾಂಡಿಗೆ ಕಟ್ಟಿ ಇಳಿಬಿಡಿ. ಕೈಯನ್ನು ತುಂಬಾ ನಿಧಾನವಾಗಿ ಮೇಲೆ ಕೆಳಗೆ ಮಾಡಿ. ಆಮೇಲೆ ಸ್ವಲ್ಪ ಜೋರಾಗಿ. ಆಮೇಲೆ ತುಂಬಾ ಜೋರಾಗಿ. ಏನಾಗುತ್ತದೆ ಬರೆಯಿರಿ. ಉತ್ತರ ಅದರಲ್ಲೇ ಇದೆ.

ಮೂರನೇ_ಮಹಡಿ

ಮಾಡಿದೆ ಮೇಡಂ. ನಿಧಾನವಾಗಿದ್ದಾಗ ಗೊಂಚಲು ಕೈ ಜೊತೆಗೇ ಬರುತ್ತದೆ. ಸ್ವಲ್ಪ ಜೋರು ಮಾಡಿದಾಗ ಹುಚ್ಚು ಹಿಡಿದ ಹಾಗೆ ಹಾರಿ ಮೂಗಿಗೇ ಬಡಿಯಿತು. ತುಂಬಾ ಜೋರು ಮಾಡಿದರೆ... ಅಯ್ಯೋ, ಗೊಂಚಲು ಹೆಚ್ಚುಕಮ್ಮಿ ಇದ್ದಲ್ಲೇ ಇದೆ! ಕೈ ಮೇಲೆ ಹೋದಾಗ ಅದು ಸ್ವಲ್ಪ ಕೆಳಗೆ ಬರುತ್ತದೆ. ಉಲ್ಟಾ.

ಪಿಯುಸಿ_ಫಿಸಿಕ್ಸ್

ಆ ‘ಉಲ್ಟಾ’ ಅನ್ನೋದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ನಿಮ್ಮ ಡ್ರಮ್ ನೆಲಕ್ಕೆ ಬಿಗಿದು ನಿಂತಿಲ್ಲ. ಸ್ಪ್ರಿಂಗ್ ಇರುವ ನಾಲ್ಕು ಸರಳುಗಳಿಂದ ತೂಗಾಡುತ್ತಿದೆ. ತೂಗಾಡುವ ಯಾವ ವಸ್ತುವಿಗೂ ತನ್ನದೇ ಒಂದು ಲಯ ಇರುತ್ತದೆ, ಉಯ್ಯಾಲೆಯ ಹಾಗೆ. ಡ್ರಮ್ ಆ ಲಯಕ್ಕಿಂತ ನಿಧಾನವಾಗಿ ಸುತ್ತಿದಾಗ ಭಾರದ ಬಟ್ಟೆ ಯಾವ ಕಡೆ ಎಳೆಯುತ್ತದೋ ಡ್ರಮ್ಮೂ ಆ ಕಡೆಗೇ ಸರಿಯುತ್ತದೆ. ಲಯಕ್ಕೆ ಸರಿಯಾಗಿ ಸುತ್ತಿದಾಗ ಪ್ರತಿ ಸುತ್ತಿನಲ್ಲೂ ಸರಿಯಾದ ಹೊತ್ತಿಗೆ ಉಯ್ಯಾಲೆ ತಳ್ಳಿದ ಹಾಗಾಗುತ್ತದೆ. ನಿಮ್ಮ ಧಡಧಡ ಅದೇ. ಅದನ್ನು ದಾಟಿ ಮೇಲೆ ಹೋದರೆ ಡ್ರಮ್ ಎಳೆತದ ಜೊತೆ ಹೋಗೋಕೆ ಪುರಸೊತ್ತೇ ಸಿಗಲ್ಲ. ಅದು ಉಲ್ಟಾ ದಿಕ್ಕಿಗೆ ಸರಿಯುತ್ತದೆ. ಭಾರದ ಬಟ್ಟೆ ನಡುವಿನ ಕಡೆಗೆ ಬರುತ್ತದೆ, ಡ್ರಮ್ಮಿನ ಹಗುರ ಕಡೆ ಹೊರಗೆ ಹೋಗುತ್ತದೆ. ಕೊನೆಗೆ ಬಟ್ಟೆ, ಡ್ರಮ್ ಎರಡೂ ಸೇರಿ ತಮ್ಮದೇ ದ್ರವ್ಯಕೇಂದ್ರದ, ಅಂದರೆ ಒಟ್ಟು ತೂಕ ಸರಿದೂಗುವ ಬಿಂದುವಿನ, ಸುತ್ತ ತಿರುಗೋಕೆ ಶುರು ಮಾಡುತ್ತವೆ. ದ್ರವ್ಯಕೇಂದ್ರ ನಿಂತಲ್ಲೇ ನಿಂತರೆ ನೆಲವನ್ನು ಅಲ್ಲಾಡಿಸುವವರು ಯಾರು?

ಸ್ಟೆಪ್ನಿ, ನಿಮ್ಮ 55 ಕೆಜಿ ಲೆಕ್ಕ ತಪ್ಪಲ್ಲ. ಆದರೆ ಅದು ಡ್ರಮ್ಮನ್ನು ಅಲುಗದ ಹಾಗೆ ಬಿಗಿಹಿಡಿದಾಗ ಮಾತ್ರ. ಸ್ಪ್ರಿಂಗ್ ಮೇಲೆ ತೂಗಾಡುವ ತೂಕ ಎಲ್ಲಾ ಸೇರಿ 25 ಕೆಜಿ ಅಂತಿಟ್ಟುಕೊಳ್ಳಿ. ಅರ್ಧ ಕೆಜಿ, 20 ಸೆಂ.ಮೀ. ದೂರ. ಅಂದರೆ ದ್ರವ್ಯಕೇಂದ್ರ ನಡುವಿನಿಂದ 4 ಮಿ.ಮೀ. ಸರಿದಿದೆ. ವೇಗ ಎಷ್ಟೇ ಏರಿಸಿ, ಡ್ರಮ್ ಆ 4 ಮಿ.ಮೀ. ಅಷ್ಟೇ ಓಲಾಡುತ್ತದೆ. ಸ್ಪ್ರಿಂಗ್ 4 ಮಿ.ಮೀ. ಹಿಗ್ಗಿದಾಗ ಎಷ್ಟು ಎಳೆಯುತ್ತದೋ ಅಷ್ಟೇ ನೆಲಕ್ಕೆ ತಲುಪುವುದು.

ಸ್ಟೆಪ್ನಿ

ಓಹೋ! ಗಿರಾಕಿಗಳು ಹೇಳುತ್ತಿದ್ದದ್ದು ಈಗ ಅರ್ಥವಾಯಿತು. ‘80ರಿಂದ 100ರ ನಡುವೆ ಸ್ಟೀರಿಂಗ್ ನಡುಗುತ್ತದೆ, ಅದಕ್ಕಿಂತ ಮೇಲೆ ಹೋದರೆ ಕಡಿಮೆಯಾಗುತ್ತದೆ’ ಅಂತಾರೆ. ನಾನು ನಂಬುತ್ತಿರಲಿಲ್ಲ. ಅಲ್ಲೂ ಸಸ್ಪೆನ್ಷನ್ನಿನ ಲಯ ಬಂದು ಹೋಗುತ್ತದೆ. ಹಾಗಂತ ಬ್ಯಾಲೆನ್ಸಿಂಗ್ ಮಾಡಿಸದೆ 100 ದಾಟಿಸೋಕೆ ಹೋಗಬೇಡಿ. ಕ್ಯಾಮೆರಾ ಇದೆ, ನನ್ನ ಅಂಗಡಿಯೂ ಇದೆ.

ಪೀಣ್ಯ_ಎರಡನೇ_ಹಂತ

ತಡವಾಗಿ ಬಂದೆ. ಮೂವತ್ತು ವರ್ಷ ಪೀಣ್ಯದಲ್ಲಿ ಬ್ಲೋವರ್, ಪಂಪ್ ಇಂಪೆಲ್ಲರ್, ಮೋಟಾರ್ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಬ್ಯಾಲೆನ್ಸ್ ಮಾಡಿದವನು ನಾನು. ಮೊದಲು ಆ ಆರು ಸಾವಿರದ ವಿಷಯ.

ಕೊಡಬೇಡಿ ಅಮ್ಮಾ. ಆ ಗುಳುಗುಳು ಹೆಚ್ಚಾಗಿ ಬ್ಯಾಲೆನ್ಸ್ ರಿಂಗ್. ಡ್ರಮ್ಮಿನ ಮೇಲಂಚಿನಲ್ಲಿ ಪ್ಲಾಸ್ಟಿಕ್ಕಿನ ಟೊಳ್ಳು ಬಳೆ ಇರುತ್ತದೆ. ಅದರೊಳಗೆ ಕಾರ್ಖಾನೆಯಲ್ಲೇ ಅರ್ಧಂಬರ್ಧ ಉಪ್ಪು ನೀರು ತುಂಬಿ ಸೀಲ್ ಮಾಡಿರುತ್ತಾರೆ. ಸದ್ದು ಬಂದರೇ ಸರಿ. ಸದ್ದು ನಿಂತರೆ ನೀರು ಸೋರಿದೆ ಅಂತ ಅರ್ಥ.

ಅದು ಕೆಲಸ ಮಾಡೋದು ಮೇಡಂ ಹೇಳಿದ ‘ಉಲ್ಟಾ’ದಿಂದಲೇ. ಬಳೆಯೊಳಗಿನ ನೀರು ಯಾವಾಗಲೂ ತಿರುಗುವ ನಡುವಿನಿಂದ ಎಲ್ಲಕ್ಕಿಂತ ದೂರದ ಜಾಗಕ್ಕೆ ಓಡುತ್ತದೆ. ವೇಗ ಜೋರಾಗಿದ್ದಾಗ ದೂರ ಇರುವುದು ಹಗುರ ಕಡೆ. ನೀರು ಅಲ್ಲಿಗೆ ಹೋಗಿ ಕೂರುತ್ತದೆ, ಬಟ್ಟೆಯ ಭಾರವನ್ನು ಸರಿದೂಗಿಸುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಬರೀ ಉಪ್ಪು ನೀರು. ಎಷ್ಟು ಸಲ ಯೋಚಿಸಿದರೂ ನನಗೆ ಖುಷಿ ಕೊಡುವ ಐಡಿಯಾ ಇದು. ಉಪ್ಪು ಯಾಕೆ ಅಂದರೆ ಸಾದಾ ನೀರಿಗಿಂತ ಭಾರ.

ಆದರೆ ನಿಧಾನ ವೇಗದಲ್ಲಿ ಇದೇ ನೀರು ಎಡವಟ್ಟು ಮಾಡುತ್ತದೆ. ಆಗ ದೂರ ಇರುವುದು ಭಾರದ ಕಡೆ. ನೀರೂ ಅಲ್ಲಿಗೇ ಹೋಗಿ ಸೇರುತ್ತದೆ. ಗಾಯದ ಮೇಲೆ ಬರೆ. ನಿಮ್ಮ ಮೆಷಿನ್ ಶುರುವಿನಲ್ಲಿ ಅಷ್ಟು ಕುಣಿಯೋಕೆ ಅದೂ ಒಂದು ಕಾರಣ.

ಮೂರನೇ_ಮಹಡಿ

ಆರು ಸಾವಿರ ಉಳಿಯಿತು! ಆದರೆ ಒಂದು ಡೌಟು. ಬೆಡ್‌ಶೀಟ್ ಹಾಕಿದ ದಿನ ಅದು ಕುಣಿತ ದಾಟೋದೇ ಇಲ್ಲ. ಅಲ್ಲೇ ಕುಣಿದೂ ಕುಣಿದೂ ನಿಂತುಬಿಡುತ್ತದೆ, ಬೀಪ್ ಬೀಪ್ ಅನ್ನುತ್ತದೆ. ಮೋಟಾರಿಗೆ ಶಕ್ತಿ ಸಾಲಲ್ವಾ?

ಪಿಯುಸಿ_ಫಿಸಿಕ್ಸ್

ಶಕ್ತಿ ಇದೆ, ಹೋಗುವ ದಾರಿ ತಪ್ಪಿದೆ. ಮೋಟಾರ್ ಕೊಡುವ ಶಕ್ತಿಯೆಲ್ಲಾ ವೇಗ ಏರಿಸುವ ಬದಲು ಅಲ್ಲಾಟಕ್ಕೆ ಖರ್ಚಾಗುತ್ತದೆ. ಎಷ್ಟು ಕೊಟ್ಟರೂ ಕುಣಿತವೇ ನುಂಗಿಬಿಡುತ್ತದೆ. 1902ರಲ್ಲಿ ಜರ್ಮನಿಯ ಆರ್ನಾಲ್ಡ್ ಸೊಮರ್‌ಫೆಲ್ಡ್ ಇದನ್ನು ತೋರಿಸಿದರು. ಅಲ್ಲಾಡುವ ಮೇಜಿನ ಮೇಲೆ ಭಾರ ಸರಿಯಿಲ್ಲದ ಮೋಟಾರ್ ಇಟ್ಟು ಓಡಿಸಿದರು. ಕರೆಂಟ್ ಜಾಸ್ತಿ ಕೊಟ್ಟರೂ ಮೋಟಾರ್ ವೇಗ ಏರಲಿಲ್ಲ, ಮೇಜು ಮಾತ್ರ ಇನ್ನೂ ಜೋರಾಗಿ ಅಲ್ಲಾಡಿತು. ಮುಂದೆ ಪರಮಾಣು ಸಿದ್ಧಾಂತದಲ್ಲಿ ದೊಡ್ಡ ಹೆಸರು ಮಾಡಿದವರು ಇವರೇ. ಅಷ್ಟು ದೊಡ್ಡವರು ನಿಮ್ಮ ಬೆಡ್‌ಶೀಟ್ ಸಮಸ್ಯೆ ಬಿಡಿಸಿಟ್ಟು ಹೋಗಿದ್ದಾರೆ.

ಶಕ್ತಿನಗರ_ರಿಟೈರ್ಡ್

ನಮಸ್ಕಾರ ರೀ. ಈಗ ಮಗನ ಜೊತೆ ಯಲಹಂಕದಲ್ಲಿದ್ದೇನೆ. ಸರ್ವಿಸ್ ಎಲ್ಲಾ ರಾಯಚೂರಿನ ಶಕ್ತಿನಗರದಲ್ಲಿ. ಅಲ್ಲಿ 210 ಮೆಗಾವ್ಯಾಟಿನ ಯೂನಿಟ್‌ಗಳ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಯಾಕೆ 3000 ಅಂದರೆ ನಮ್ಮ ಕರೆಂಟು 50 ಹರ್ಟ್ಜ್, ಸೆಕೆಂಡಿಗೆ 50 ಸುತ್ತು. ನಿಂತ ಟರ್ಬೈನ್ 3000 ಮುಟ್ಟುವ ಮುಂಚೆ ಶಾಫ್ಟಿನ ಕ್ರಿಟಿಕಲ್ ಸ್ಪೀಡುಗಳನ್ನು ದಾಟಬೇಕು. ನಿಮ್ಮ ಧಡಧಡದ ಅಣ್ಣ ಅದು. ಅಲ್ಲಿ ತಡಮಾಡೋ ಹಾಗೇ ಇಲ್ಲ. ಬಿಸಿಯಾಗಲಿ ಅಂತ ಬೇರೆ ವೇಗಗಳಲ್ಲಿ ಕಾಯುತ್ತೇವೆ. ಕ್ರಿಟಿಕಲ್ ಬಂತೆಂದರೆ ಉಗಿ ಕೊಟ್ಟು ಸರ್ರನೆ ದಾಟಿಸುವುದು. ಕಣ್ಣು ವೈಬ್ರೇಷನ್ ಮೀಟರಿನ ಮೇಲೆ, ಬಾಯಲ್ಲಿ ವೆಂಕಟರಮಣ.

ನಿಲ್ಲಿಸಿದ ಮೇಲೂ ಬಿಡುವ ಹಾಗಿಲ್ಲ. ಬಿಸಿ ಶಾಫ್ಟನ್ನು ಹಾಗೇ ನಿಲ್ಲಿಸಿದರೆ ಬಾಗುತ್ತದೆ. ಅದಕ್ಕೇ ಬ್ಯಾರಿಂಗ್ ಗೇರ್ ಹಾಕಿ, ತಣ್ಣಗಾಗುವ ತನಕ ನಿಧಾನವಾಗಿ ತಿರುಗಿಸುತ್ತಲೇ ಇರುತ್ತೇವೆ. ಕಾವಲಿ ಮೇಲಿನ ರೊಟ್ಟಿ ತಿರುವಿದ ಹಾಗೆ.

ಪೀಣ್ಯ_ಎರಡನೇ_ಹಂತ

ಸಾಹೇಬರು ಸರಿಯಾಗಿ ಹೇಳಿದರು. ಈ ದಾಟುವ ವಿಷಯದಲ್ಲಿ ದೊಡ್ಡವರೇ ಎಡವಿದ್ದಾರೆ. 1869ರಲ್ಲಿ ಸ್ಕಾಟ್ಲೆಂಡಿನ ರ್‍ಯಾಂಕಿನ್ ಲೆಕ್ಕ ಹಾಕಿ, ಶಾಫ್ಟ್ ಈ ವೇಗದ ಮೇಲೆ ಓಡಲು ಸಾಧ್ಯವೇ ಇಲ್ಲ ಅಂದುಬಿಟ್ಟರು. ಸ್ವೀಡನ್ನಿನ ಡಿ ಲಾವಾಲ್ ಆ ಮಾತಿಗೆ ಕಾಯಲಿಲ್ಲ. ಅವರದ್ದು ಹಬೆ ಟರ್ಬೈನ್, ನಿಮಿಷಕ್ಕೆ 30,000 ಸುತ್ತಿನ ಲೆಕ್ಕ. ದಪ್ಪ ಶಾಫ್ಟ್ ಹಾಕಿ ಬಿಗಿಹಿಡಿಯುವ ಬದಲು ಸಪೂರ, ಬಾಗುವ ಶಾಫ್ಟ್ ಹಾಕಿದರು. ಕ್ರಿಟಿಕಲ್ ಬೇಗ ಬಂದು ಬೇಗ ಹೋಯಿತು, ಮೇಲೆ ಎಲ್ಲಾ ನಿರಾಳ. ಅದು ಯಾಕೆ ಹಾಗೆ ಅನ್ನೋದನ್ನು ಜೆಫ್‌ಕಾಟ್ ಸರಿಯಾಗಿ ಬರೆದದ್ದು 1919ರಲ್ಲಿ. ಲೆಕ್ಕ ಬರುವ ಮುಂಚೆಯೇ ಯಂತ್ರ ಓಡುತ್ತಿತ್ತು. ಲೇತ್ ಮುಂದೆ ಕೆಲಸ ಮಾಡಿದ ನಮ್ಮಂಥವರಿಗೆ ಇದು ಸ್ವಲ್ಪ ಸಮಾಧಾನದ ವಿಷಯ.

ಇದೇ ಡಿ ಲಾವಾಲ್ ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮಾಡಿದವರು, 1878ರಲ್ಲಿ. ಭಾರದ ಹಾಲು ಹೊರಕ್ಕೆ, ಹಗುರ ಕೆನೆ ನಡುವಿಗೆ. ಇವತ್ತಿನ ಡೈರಿಗಳಲ್ಲೂ ಉಪಾಯ ಅದೇ.

ಕಾಫಿ_ಬೇಕು

ನಡುವೆ ಬಾಯಿ ಹಾಕುತ್ತಿದ್ದೇನೆ. ಬ್ಯಾಲೆನ್ಸ್ ಮಾಡೋದು ಅಂದರೆ ಏನು ಮಾಡುತ್ತೀರಿ ಸರ್? ಭಾರದ ಕಡೆ ಕೆಳಗೆ ಬರುತ್ತದೆ, ಅಲ್ಲಿ ಸ್ವಲ್ಪ ಕೊರೆದು ತೆಗೆದರೆ ಆಯಿತು ಅಲ್ವಾ?

ಪೀಣ್ಯ_ಎರಡನೇ_ಹಂತ

ತೆಳ್ಳಗಿನ ತಟ್ಟೆಯಾದರೆ ಆಯಿತು. ಉದ್ದ ಆರ್ಮೇಚರ್ ಆದರೆ ಆಗಲ್ಲ. ಮನೆಯ ಲಟ್ಟಣಿಗೆ ತಗೊಳ್ಳಿ. ಒಂದು ತುದಿಯಲ್ಲಿ ಮೇಲುಗಡೆ ಒಂದು ನಾಣ್ಯ ಅಂಟಿಸಿ, ಇನ್ನೊಂದು ತುದಿಯಲ್ಲಿ ಕೆಳಗಡೆ ಅಂಥದ್ದೇ ಇನ್ನೊಂದು. ಅದರ ಹಿಡಿಗಳನ್ನು ಎರಡು ಅಂಚುಗಳ ಮೇಲೆ ಇಟ್ಟರೆ ಎಲ್ಲಿ ಬಿಟ್ಟರೂ ನಿಲ್ಲುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ತಿರುಗಿಸಿ ನೋಡಿ. ಒಂದು ತುದಿ ಆ ಕಡೆ, ಇನ್ನೊಂದು ಈ ಕಡೆ ಎಳೆದು ತಲೆ ಬಾಲ ಆಡಿಸುತ್ತದೆ. ನಿಂತಾಗ ಸಾಚಾ, ಓಡುವಾಗ ಕಳ್ಳ. ಅದಕ್ಕೇ ಓಡಿಸಿಯೇ ಅಳೆಯಬೇಕು, ಎರಡೂ ತುದಿಯಲ್ಲಿ ತೂಕ ಸರಿಮಾಡಬೇಕು. ಡೈನಮಿಕ್ ಬ್ಯಾಲೆನ್ಸಿಂಗ್ ಅನ್ನೋದು ಇದನ್ನೇ.

ಎಷ್ಟು ಸರಿಮಾಡಬೇಕು ಅನ್ನೋದಕ್ಕೆ ಗ್ರೇಡು ಇದೆ. ಫ್ಯಾನು, ಪಂಪಿಗೆ ಸಾಮಾನ್ಯವಾಗಿ ಜಿ 6.3. ನಿಮಿಷಕ್ಕೆ 1500 ಸುತ್ತಿನ ಬ್ಲೋವರಿಗೆ ಆ ಗ್ರೇಡ್ ಅಂದರೆ ದ್ರವ್ಯಕೇಂದ್ರ ನಡುವಿನಿಂದ 40 ಮೈಕ್ರಾನ್ ಒಳಗಿರಬೇಕು. ತಲೆಕೂದಲಿನ ಅರ್ಧ ದಪ್ಪ ಅನ್ನಿ. ಹೊಸ ಹುಡುಗರು ‘ಕೂದಲಷ್ಟು ತಾನೇ ಸರ್’ ಅನ್ನುತ್ತಿದ್ದರು. ಕೂದಲು ಎರಡು ಪಟ್ಟು ಜಾಸ್ತಿಯಪ್ಪಾ ಅನ್ನುತ್ತಿದ್ದೆ.

ಬುಗುರಿ_ಬಸವ

ನನ್ನ ಬುಗುರಿಗೆ ಎಲ್ಲೂ ಜಾಗ ಇಲ್ವಾ? ಚನ್ನಪಟ್ಟಣದಿಂದ ತಂದದ್ದು, ಹಾಲೆ ಮರದ್ದು. ಬೇಜಾರಾಗಿದೆ.

ಪಿಯುಸಿ_ಫಿಸಿಕ್ಸ್

ಇದೆ, ನೀವು ನಿಂತಿರುವ ಜಾಗವೇ ಬುಗುರಿ. ಭೂಮಿಯ ಅಕ್ಷವೂ ಹಾಗೇ ತಲೆ ಸುತ್ತಿಸುತ್ತಿದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ಕ್ಕೆ. ಎಳ್ಳು ಬೆಲ್ಲ ಹಂಚುವುದು ಜನವರಿ 14, 15ಕ್ಕೆ. ಈ ಅಂತರ ಬಂದದ್ದು ಆ ತಲೆ ಸುತ್ತಿನಿಂದ, ಸುಮಾರು 72 ವರ್ಷಕ್ಕೆ ಒಂದು ದಿನದ ಲೆಕ್ಕದಲ್ಲಿ. ಗವಿಪುರದಲ್ಲಿ ಮನೆ ಅಂದಿರಲ್ಲ ಮೂರನೇ_ಮಹಡಿ ಅವರೇ? ಗವಿ ಗಂಗಾಧರೇಶ್ವರನಿಗೆ ಸಂಕ್ರಾಂತಿ ಸಂಜೆ ಬಿಸಿಲು ಬೀಳೋದನ್ನು ನೋಡಿರುತ್ತೀರಿ. ಅದೇ ಕೋನಕ್ಕೆ ಸೂರ್ಯ ನವೆಂಬರ್ ಕೊನೆಯ ವಾರದಲ್ಲೂ ಬರುತ್ತಾನೆ. ಆಗ ನೂಕುನುಗ್ಗಲು ಇರಲ್ಲ.

ಪೀಣ್ಯ_ಎರಡನೇ_ಹಂತ

ಬುಗುರಿ ಅಂದ ಮೇಲೆ ನಮ್ಮ ಏರಿಯಾದ ಬುಗುರಿಯನ್ನು ಹೇಳದೆ ಬಿಡಲ್ಲ. ಆರ್ಯಭಟ ಉಪಗ್ರಹ ತಯಾರಾದದ್ದು ಪೀಣ್ಯದ ಶೆಡ್ಡುಗಳಲ್ಲಿ, ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. 360 ಕೆಜಿ. 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ ಹತ್ತಿ ಹೋಯಿತು. ಹಳೇ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಇತ್ತು. ಅದನ್ನು ತಿರುಗಿಸಿಯೇ ಸ್ಥಿರವಾಗಿ ಇಡುತ್ತಿದ್ದರು.

ಅಲ್ಲಿ ಬೇರಿಂಗೇ ಇಲ್ಲ ನೋಡಿ. ಹಿಡಿಯುವವರಿಲ್ಲದ ವಸ್ತು ತನ್ನ ದ್ರವ್ಯಕೇಂದ್ರದ ಸುತ್ತಲೇ ತಿರುಗಬೇಕು. ಹಾಗಾಗಿ ಆಕಾರದ ಮೇಲೆ ಎಲ್ಲಾ ನಿಂತಿದೆ. 1958ರಲ್ಲಿ ಅಮೆರಿಕದವರ ಎಕ್ಸ್‌ಪ್ಲೋರರ್ 1 ಉದ್ದ ಪೆನ್ಸಿಲ್ ಥರ ಇತ್ತು. ಉದ್ದದ ಅಕ್ಷದ ಸುತ್ತ ತಿರುಗಿಸಿ ಬಿಟ್ಟರು. ಅದರ ಬಳುಕುವ ಆಂಟೆನಾಗಳು ಅಲ್ಲಾಡಿ ಅಲ್ಲಾಡಿ ಶಕ್ತಿ ಸೋರಿತು. ಪೆನ್ಸಿಲ್ ಮಗುಚಿಕೊಂಡು ದೊಣ್ಣೆ ಬೀಸಿದ ಹಾಗೆ ಅಡ್ಡಡ್ಡ ತಿರುಗೋಕೆ ಶುರು ಮಾಡಿತು. ಆರ್ಯಭಟ ಎತ್ತರಕ್ಕಿಂತ ಅಗಲ ಜಾಸ್ತಿ ಇರುವ ಆಕಾರ. ನಿಮ್ಮ ಬುಗುರಿಯೂ ನೋಡಿ, ಕುಳ್ಳಗೆ ದಪ್ಪಗಿದ್ದರೇ ಹೆಚ್ಚು ಹೊತ್ತು ಆಡುತ್ತದೆ.

ಈಗ ಮೆಷಿನ್ನಿಗೆ ವಾಪಸ್ ಬರೋಣ. ಅಮ್ಮಾ, ಅದು ಯಾವುದರ ಮೇಲೆ ನಿಂತಿದೆ?

ಮೂರನೇ_ಮಹಡಿ

ಚಕ್ರದ ಸ್ಟ್ಯಾಂಡ್ ಮೇಲೆ ಸರ್. ಗುಡಿಸೋಕೆ ಅನುಕೂಲ ಅಂತ.

ಪೀಣ್ಯ_ಎರಡನೇ_ಹಂತ

ಸಿಕ್ಕಿತು. ಒಳಗೆ ಒಂದು ಸ್ಪ್ರಿಂಗ್ ಸಾಲದು ಅಂತ ಹೊರಗೆ ಇನ್ನೊಂದು ಇಟ್ಟಿದ್ದೀರಿ. ತಗಡಿನ ಸ್ಟ್ಯಾಂಡ್ ಬಾಗುತ್ತದೆ, ಚಕ್ರ ಉರುಳುತ್ತದೆ. ಅದನ್ನು ತೆಗೆದು ನೆಲದ ಮೇಲೆ ನೇರ ಇಡಿ. ಕೆಳಗಿನ ನಾಲ್ಕು ಕಾಲೂ ನೆಲ ಮುಟ್ಟಬೇಕು, ತಿರುಗಿಸಿ ಸರಿಮಾಡೋಕೆ ಬರುತ್ತದೆ. ಮೂಲೆ ಒತ್ತಿದರೆ ಕಟಕಟ ಅನ್ನಬಾರದು. ಬೆಡ್‌ಶೀಟ್ ಒಂದನ್ನೇ ಹಾಕಬೇಡಿ, ಅದು ಉಂಡೆಯಾಗುತ್ತದೆ. ಜೊತೆಗೆ ಚಿಕ್ಕ ಬಟ್ಟೆ ನಾಲ್ಕು ಹಾಕಿ, ಸುತ್ತ ಹರಡಿ. ಅಷ್ಟಾದರೂ ಕುಣಿದರೆ ನಾಲ್ಕು ಸರಳುಗಳ ಸ್ಪ್ರಿಂಗ್ ನೋಡಿಸಿ. ಒಂದು ಸೋತಿದ್ದರೂ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ.

ತಿರುಗುವಾಗ ಮಾತ್ರ ಮುಚ್ಚಳ ತೆಗೆದು ಕೈ ಹಾಕಬೇಡಿ. ಸ್ಟೆಪ್ನಿಯ ಲೆಕ್ಕದ ವೇಗದಲ್ಲಿ ಡ್ರಮ್ಮಿನ ಅಂಚು ಗಂಟೆಗೆ 50 ಕಿ.ಮೀ. ಮೇಲೆ ಓಡುತ್ತಿರುತ್ತದೆ.

ಮೂರನೇ_ಮಹಡಿ

ಭಾನುವಾರ ಎಲ್ಲಾ ಮಾಡಿದೆ. ಸುಮ್ನೆ ಅಲ್ಲ, ಅಳತೆ ಸಮೇತ. ಮೊದಲು ಮೆಷಿನ್ ಆಫ್ ಮಾಡಿ, ಡ್ರಮ್ಮನ್ನು ಕೈಯಲ್ಲಿ ತಳ್ಳಿ ಬಿಟ್ಟು, ಫೋನಿನ ಸ್ಲೋ ಮೋಷನ್ನಿನಲ್ಲಿ ಎಣಿಸಿದೆ. ಐದು ತೂಗಾಟಕ್ಕೆ ಎರಡೂವರೆ ಸೆಕೆಂಡು. ಅಂದರೆ ಸೆಕೆಂಡಿಗೆ ಎರಡು, ನಿಮಿಷಕ್ಕೆ 120. ಆಮೇಲೆ ಡ್ರಮ್ಮಿಗೆ ಕೆಂಪು ಟೇಪ್ ಅಂಟಿಸಿ, ಗಾಜಿನ ಮುಚ್ಚಳದ ಮೇಲಿಂದ ವೀಡಿಯೊ ತೆಗೆದೆ. ಕುಣಿತ ಜೋರಾಗಿದ್ದಾಗ ಸೆಕೆಂಡಿಗೆ ಎರಡು ಸುತ್ತಿನ ಸುತ್ತಮುತ್ತಲೇ! ವೀಡಿಯೊ ನೋಡಿ ಒಬ್ಬಳೇ ಕೂತು ನಕ್ಕೆ.

ಸ್ಟ್ಯಾಂಡ್ ತೆಗೆದ ಮೇಲೆ ಧಡಧಡ ಪೂರ್ತಿ ಹೋಗಿಲ್ಲ, ನಾಲ್ಕೈದು ಸೆಕೆಂಡು ಇದೆ. ನಡೆಯೋದು ನಿಂತಿದೆ. ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ ‘ಯಾಕಮ್ಮಾ, ಇವತ್ತು ಬಟ್ಟೆ ಒಗೆದಿಲ್ವಾ? ನೀರು ಬಂದಿಲ್ವಾ?’ ಅಂತ ಕೇಳಿದರು.

ಕಾಫಿ_ಬೇಕು

ಪೀಣ್ಯ ಸರ್, ಹಾಗೇ ಒಂದು ಮಾತು. ನಮ್ಮ ಹಾಲಿನ ಸೀಲಿಂಗ್ ಫ್ಯಾನ್ ಮೂರರಲ್ಲಿ ಇಟ್ಟರೆ ಗಡಗಡ ಅಲ್ಲಾಡುತ್ತದೆ.

ಪೀಣ್ಯ_ಎರಡನೇ_ಹಂತ

ಮೊದಲು ಇದು ಹೇಳಿ. ಮೂರು ರೆಕ್ಕೆಯೂ ಒಂದೇ ಡಬ್ಬದಿಂದ ಬಂದವಾ? ರೆಕ್ಕೆಗಳನ್ನು ತೂಕ ನೋಡಿಯೇ ಜೊತೆ ಮಾಡಿರುತ್ತಾರೆ.

ಕಾಫಿ_ಬೇಕು

ಇಲ್ಲ ಸರ್. ಮನೆ ಬದಲಾಯಿಸುವಾಗ ಒಂದು ಬಾಗಿತ್ತು. ಬೆಡ್‌ರೂಮ್ ಫ್ಯಾನಿನದ್ದು ಹಾಕಿದ್ದೆ.

ಬುಗುರಿ_ಬಸವ

ಹಾಗಾದರೆ ಬೆಡ್‌ರೂಮ್ ಫ್ಯಾನ್ ಎರಡು ರೆಕ್ಕೆಯಲ್ಲಿ ಓಡ್ತಾ ಇದೆಯಾ?